ಕತ್ತಲನ್ನು ಕಳೆದು, ಬೆಳಕಿನಿಂದ ಭಾಗಿಸಿ

ಅಪರಾಧ ನಡೆದ ಜಾಗದಲ್ಲಿ ಸಿಕ್ಕ ನೀಲಿ ಎಳೆ ಒಂದು, ಶಂಕಿತನ ಅಂಗಿಯಿಂದ ತೆಗೆದ ಎಳೆ ಇನ್ನೊಂದು. ಸೂಕ್ಷ್ಮದರ್ಶಕದಡಿ ಎರಡೂ ಒಂದೇ ನೀಲಿಯಾಗಿ ಕಾಣಬಹುದು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರೇ ಬಗೆಯವು. ಎರಡು ಬೇರೆ ಬೇರೆ ಬಣ್ಣದ್ರವ್ಯಗಳು ಆ ಮೂರನ್ನೂ ಒಂದೇ ಪ್ರಮಾಣದಲ್ಲಿ ಕೆರಳಿಸಿದರೆ ನಾವು ಮೋಸಹೋಗುತ್ತೇವೆ. ಆದ್ದರಿಂದ ವಿಧಿವಿಜ್ಞಾನಿಗಳು ಸೂಕ್ಷ್ಮದರ್ಶಕಕ್ಕೆ ರೋಹಿತಮಾಪಕವನ್ನು ಜೋಡಿಸಿ, ಯಾವ ತರಂಗಾಂತರದ ಬೆಳಕನ್ನು ಎಳೆ ಎಷ್ಟು ಹೀರಿತು ಎಂದು ಲೆಕ್ಕ ಹಾಕುತ್ತಾರೆ.

ಆದರೆ ಉಪಕರಣ ಮೊದಲು ಕೊಡುವ ಗೆರೆ ಎಳೆಯದಷ್ಟೇ ಅಲ್ಲ. ಹ್ಯಾಲೊಜೆನ್ ದೀಪದಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಮಸೂರದ ಗಾಜು ಅತಿನೇರಳೆಯನ್ನು ನುಂಗುತ್ತದೆ. ಬೆಳಕನ್ನು ಬಿಡಿಸುವ ಗ್ರೇಟಿಂಗ್ ಆಗಲಿ ಅದನ್ನು ಎಣಿಸುವ ಡಿಟೆಕ್ಟರ್ ಆಗಲಿ ಎಲ್ಲ ತರಂಗಾಂತರಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ. ಸಾಲದ್ದಕ್ಕೆ, ಬೆಳಕೇ ಬೀಳದಿದ್ದರೂ ಡಿಟೆಕ್ಟರ್ ಒಂದಷ್ಟು ಎಣಿಕೆ ತೋರಿಸುತ್ತಲೇ ಇರುತ್ತದೆ.

ಈ ದೋಷಗಳು ಎರಡು ಜಾತಿಯವು. ದೀಪ, ಮಸೂರ, ಗ್ರೇಟಿಂಗ್‌ಗಳ ಪ್ರಭಾವ ಗುಣಾಕಾರವಾಗಿ ಸೇರುತ್ತದೆ. ಅದನ್ನು ತೆಗೆಯಲು ಭಾಗಾಕಾರ ಬೇಕು. ಕತ್ತಲಿನ ಎಣಿಕೆ ಕೂಡಿಕೊಳ್ಳುತ್ತದೆ. ಅದನ್ನು ಕಳೆಯಬೇಕು, ಖಾಲಿ ಡಬ್ಬದ ತೂಕ ಕಳೆದು ಎಣ್ಣೆ ತೂಗುವ ಹಾಗೆ. ಹೀಗಾಗಿ ಅಳತೆ ಮೂರು ಸಲ ನಡೆಯುತ್ತದೆ. ಬೆಳಕು ಮುಚ್ಚಿ ಒಂದು ಸಲ. ಅದೇ ಸ್ಲೈಡಿನಲ್ಲಿ ಎಳೆಯ ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಸಲ. ಕೊನೆಗೆ ಎಳೆಯ ಮೇಲೆ.

ಒಂದು ತರಂಗಾಂತರದಲ್ಲಿ ಕತ್ತಲಿನ ಎಣಿಕೆ 200, ಖಾಲಿ ಜಾಗದ್ದು 10,200, ಎಳೆಯದ್ದು 300 ಎಂದಿಟ್ಟುಕೊಳ್ಳಿ. ಕತ್ತಲನ್ನು ಕಳೆದರೆ ಉಳಿಯುವುದು 10,000 ಮತ್ತು 100. ಅಂದರೆ ಎಳೆಯನ್ನು ದಾಟಿ ಬಂದದ್ದು ಶೇ. 1ರಷ್ಟು ಬೆಳಕು. ಕಳೆಯದೆ ಭಾಗಿಸಿದರೆ ಉತ್ತರ ಸುಮಾರು ಶೇ. 2.9, ಹೆಚ್ಚುಕಡಿಮೆ ಮೂರು ಪಟ್ಟು. ಮಾದರಿ ದಟ್ಟವಾದಷ್ಟೂ ಕತ್ತಲಿನ ಪಾಲು ಉತ್ತರವನ್ನು ಹೆಚ್ಚು ಕೆಡಿಸುತ್ತದೆ.

ಮುಂದಿನ ಹೆಜ್ಜೆ ಲಾಗರಿದಮ್. ದಾಟಿದ ಅಂಶದ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಹೀರುವಿಕೆಯ ಮೌಲ್ಯ ಬರುತ್ತದೆ: ಹತ್ತರಲ್ಲೊಂದು ಪಾಲು ದಾಟಿದರೆ 1, ನೂರರಲ್ಲೊಂದು ದಾಟಿದರೆ 2. ಬಣ್ಣದ್ರವ್ಯ ಇಮ್ಮಡಿಯಾದರೆ ದಾಟುವ ಬೆಳಕು ಅರ್ಧವಾಗುವುದಿಲ್ಲ, ಆದರೆ ಈ ಮೌಲ್ಯ ಇಮ್ಮಡಿಯಾಗುತ್ತದೆ. ಇದರ ಬಲದಿಂದಲೇ ಸ್ವೀಡನ್ನಿನ ಟೊರ್ಬ್ಯೋರ್ನ್ ಕ್ಯಾಸ್ಪರ್ಸನ್ 1930ರ ದಶಕದಲ್ಲಿ, ನ್ಯೂಕ್ಲಿಯಿಕ್ ಆಮ್ಲಗಳು 260 ನ್ಯಾನೊಮೀಟರ್ ಸುಮಾರಿನ ಅತಿನೇರಳೆ ಕಿರಣಗಳನ್ನು ಹೀರುವುದನ್ನು ಬಳಸಿಕೊಂಡು, ಒಂದೊಂದೇ ಜೀವಕೋಶದಲ್ಲಿ ಅವುಗಳ ಪ್ರಮಾಣ ಅಳೆದರು.

ಬೆಳಕು ದಾಟದ ಮಾದರಿಗಳಿಗೆ ಬೇಕಾದ ಪ್ರತಿಫಲನದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಖಾಲಿ ಜಾಗ ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ, ಹೋಲಿಕೆಗೆ ಪ್ರತಿಫಲನ ಗೊತ್ತಿರುವ ವಸ್ತು ಬೇಕು. ಕಲ್ಲಿದ್ದಲಿನ ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ಕಲ್ಲಿದ್ದಲು ನೆಲದೊಳಗೆ ಬೆಂದು ಪಕ್ವವಾದಷ್ಟೂ ಅದರ ವಿಟ್ರಿನೈಟ್ ಭಾಗ ಹೆಚ್ಚು ಹೊಳೆಯುತ್ತದೆ. ಆ ಹೊಳಪನ್ನು ಎಣ್ಣೆಯಲ್ಲಿ ಅದ್ದಿದ ಮಸೂರದಡಿ, 546 ನ್ಯಾನೊಮೀಟರ್‌ನಲ್ಲಿ ಅಳೆಯುತ್ತಾರೆ. ಹೋಲಿಕೆಗೆ ಇಡುವ ಹರಳುಗಳಲ್ಲೊಂದಾದ ಸಫೈರ್ ಎಣ್ಣೆಯಡಿ ಪ್ರತಿಫಲಿಸುವುದು ಸುಮಾರು ಶೇ. 0.59 ಮಾತ್ರ. ಕನ್ನಡಿಯನ್ನು ಇಟ್ಟರೆ ಅದರ ಹೊಳಪಿನ ಮುಂದೆ ಕಲ್ಲಿದ್ದಲಿನ ಮಂಕು ಬೆಳಕನ್ನು ನಿಖರವಾಗಿ ಅಳೆಯುವುದೇ ಕಷ್ಟ. ಮಾದರಿಯ ಎಣಿಕೆಯನ್ನು ಹರಳಿನದ್ದರಿಂದ ಭಾಗಿಸಿ ಸಿಕ್ಕ ಅನುಪಾತವನ್ನು ಹರಳಿನ ಪ್ರತಿಫಲನದಿಂದ ಗುಣಿಸಿದಾಗ ಮಾದರಿಯ ಪ್ರತಿಫಲನ ದೊರೆಯುತ್ತದೆ.

ಇಲ್ಲಿ ಶೂನ್ಯದ ಅಳತೆಗೂ ದೀಪ ಆರಿಸಿದರೆ ಸಾಲದು. ಬೆಳಕು ಒಂದೇ ಮಸೂರದ ಮೂಲಕ ಇಳಿದು ಮೇಲೇರುವುದರಿಂದ, ಮಸೂರದ ಮೈಗಳಿಂದಲೇ ಸ್ವಲ್ಪ ಬೆಳಕು ಡಿಟೆಕ್ಟರ್‌ಗೆ ಚಿಮ್ಮುತ್ತದೆ. ಹಾಗಾಗಿ ದೀಪ ಉರಿಯುತ್ತಿರುವಾಗಲೇ, ಮಾದರಿಯ ಜಾಗದಲ್ಲಿ ಬೆಳಕನ್ನು ಪ್ರತಿಫಲಿಸದ ಕಪ್ಪು ವಸ್ತುವನ್ನಿಟ್ಟು ಶೂನ್ಯವನ್ನು ಗುರುತಿಸುತ್ತಾರೆ.

ಈ ಗಣಿತಕ್ಕೂ ಮಿತಿಗಳಿವೆ. ಅಳತೆಗಳ ನಡುವೆ ದೀಪದ ಪ್ರಖರತೆ ಜಾರಿದರೆ ಭಾಗಾಕಾರ ಅದನ್ನು ಮಾದರಿಯ ಗುಣವೆಂದೇ ಬರೆದುಕೊಳ್ಳುತ್ತದೆ. ಡಿಟೆಕ್ಟರ್ ತುಂಬಿ ಹೋದ ಮೇಲೆ ಬಿದ್ದ ಬೆಳಕು ಲೆಕ್ಕಕ್ಕೇ ಬರುವುದಿಲ್ಲ. ತರಂಗಾಂತರದ ಅಳತೆಗೋಲೇ ಸರಿದಿದ್ದರೆ ಯಾವ ಅನುಪಾತವೂ ಅದನ್ನು ತಿದ್ದದು. ಅದನ್ನು ಪರೀಕ್ಷಿಸಲು 418, 453, 536 ನ್ಯಾನೊಮೀಟರ್‌ಗಳ ಆಸುಪಾಸಿನಲ್ಲಿ ಬೆಳಕನ್ನು ಹೀರುವ ಹೋಲ್ಮಿಯಂ ಗಾಜಿದೆ. ರೋಹಿತದ ಗೆರೆಯೊಂದನ್ನು ಸಾಕ್ಷ್ಯವಾಗಿ ಮುಂದಿಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ ಶಿಖರ ಎಲ್ಲಿದೆ ಎಂಬುದಲ್ಲ. ಯಾವುದನ್ನು ಕಳೆದು, ಯಾವುದರಿಂದ ಭಾಗಿಸಿದ್ದೀರಿ ಎಂಬುದು.