ನೂರು ವರ್ಷಕ್ಕೆ ಬಂದರೂ ಮುಗಿಯದ ಐದು ಸೆಕೆಂಡು

1927ರ ಸೆಪ್ಟೆಂಬರ್ 22ರ ರಾತ್ರಿ. ಶಿಕಾಗೋದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದ ನಡುವೆ ಹಗ್ಗ ಬಿಗಿದ ಒಂದು ಚೌಕ. 20 ಅಡಿ ಉದ್ದ, 20 ಅಡಿ ಅಗಲ. ಹಳೆಯ ಮನೆಯೊಂದರ ಪಡಸಾಲೆಯಷ್ಟು ಜಾಗ. ಅದರ ಸುತ್ತ ನೆರೆದವರು 1,04,943 ಮಂದಿ. ಭಾಗಿಸಿ ನೋಡಿದರೆ ಆ ಅಂಕಣದ ಒಂದೊಂದು ಚದರ ಅಡಿಯ ಮೇಲೂ 262 ಜನರ ಕಣ್ಣು. ಹಿಂದಿನ ಸಾಲುಗಳಲ್ಲಿ ಕೂತವರಿಗೆ ದೀಪದಡಿ ಎರಡು ಆಕೃತಿಗಳು ಅಲುಗಾಡುವುದಷ್ಟೇ ಕಂಡಿರಬೇಕು. ಆದರೂ ಬಂದರು. ಏಕೆಂದರೆ ಅದು ಜಾಕ್ ಡೆಂಪ್ಸಿ ಮತ್ತು ಜೀನ್ ಟನ್ನಿಯ ಮರುಪಂದ್ಯ, ಪಣಕ್ಕಿದ್ದದ್ದು ಹೆವಿವೇಟ್ ವಿಶ್ವ ಪಟ್ಟ.

ಗಲ್ಲಾಪೆಟ್ಟಿಗೆಯ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ. ಆ ಒಂದು ರಾತ್ರಿಯ ಟಿಕೆಟ್ ವಸೂಲಿ 26,58,660 ಡಾಲರ್. ತಲೆಗೆ ಸರಾಸರಿ 25 ಡಾಲರಿಗೂ ಮೇಲೆ. ಒಳ್ಳೆಯ ಕೂಲಿ ಕೊಡುತ್ತದೆಂದು ಹೆಸರಾಗಿದ್ದ ಫೋರ್ಡ್ ಕಾರ್ಖಾನೆಯಲ್ಲೇ ಆಗ ದಿನಗೂಲಿ 6 ಡಾಲರ್ ಇತ್ತು. ಅಂದರೆ ಸರಾಸರಿ ಬೆಲೆಯ ಸೀಟಿಗೆ ಒಬ್ಬ ಕಾರ್ಮಿಕ ನಾಲ್ಕು ದಿನದ ದುಡಿಮೆಯನ್ನು ಎಣಿಸಿ ಕೊಡಬೇಕಿತ್ತು. ಪಂದ್ಯ ನಡೆದದ್ದು ಹತ್ತು ಸುತ್ತು, ಸುತ್ತಿಗೆ ಮೂರು ನಿಮಿಷ. ಒಟ್ಟು 1,800 ಸೆಕೆಂಡು. ಒಂದೊಂದು ಸೆಕೆಂಡಿಗೂ ಸುಮಾರು 1,477 ಡಾಲರ್ ವಸೂಲಾಯಿತು. ಈ ಟಿಕೆಟ್ ವಸೂಲಿಯ ದಾಖಲೆ ಅರ್ಧ ಶತಮಾನ ಉಳಿಯಿತು. ಕೊನೆಗೆ ಅದನ್ನು ಮುರಿದದ್ದೂ ಇನ್ನೊಂದು ಹೆವಿವೇಟ್ ಮರುಪಂದ್ಯವೇ: 1978ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮುಹಮ್ಮದ್ ಅಲಿ ಮತ್ತು ಲಿಯೋನ್ ಸ್ಪಿಂಕ್ಸ್ ಎರಡನೇ ಸಲ ಎದುರಾದದ್ದು.

ಟನ್ನಿಯ ಪಾಲಿಗೆ ಬಂದ ಹಣ 9,90,445 ಡಾಲರ್. ಆಯೋಜಕ ಟೆಕ್ಸ್ ರಿಕಾರ್ಡ್‌ನ ಕೈಗೆ ತನ್ನದೇ 9,555 ಡಾಲರ್ ಕೊಟ್ಟು, ಪೂರ್ತಿ ಹತ್ತು ಲಕ್ಷ ಡಾಲರಿನ ಒಂದೇ ಚೆಕ್ ಬರೆಸಿಕೊಂಡ. ಅದೇ ವರ್ಷ 60 ಹೋಮ್ ರನ್ ಹೊಡೆದು ಬೇಸ್‌ಬಾಲ್ ಲೋಕವನ್ನೇ ಅಲ್ಲಾಡಿಸಿದ ಬೇಬ್ ರೂತ್‌ನ ವರ್ಷದ ಸಂಬಳ 70,000 ಡಾಲರ್. ಅಷ್ಟನ್ನು ಟನ್ನಿ ಸುಮಾರು 127 ಸೆಕೆಂಡಿನಲ್ಲಿ, ಒಂದು ಸುತ್ತೂ ಮುಗಿಯುವ ಮೊದಲೇ ಗಳಿಸಿದಂತಾಯಿತು.

ಕ್ರೀಡಾಂಗಣದ ಹೊರಗೆ ರೇಡಿಯೊ ಇತ್ತು. ಗ್ರಹಾಂ ಮೆಕ್‌ನಮೀಯ ವೀಕ್ಷಕ ವಿವರಣೆ ಕೇಳಿದವರು ಸುಮಾರು 5 ಕೋಟಿ ಎಂದು ಆಗಿನ ಅಂದಾಜು. ಅಮೆರಿಕದ ಜನಸಂಖ್ಯೆಯೇ ಆಗ ಹೆಚ್ಚು ಕಡಿಮೆ 12 ಕೋಟಿ. ಏಳನೇ ಸುತ್ತಿನ ವಿವರಣೆ ಕೇಳುತ್ತಿದ್ದಾಗಲೇ ಕೆಲವರು ಎದೆಯೊಡೆದು ಸತ್ತರೆಂದು ಪತ್ರಿಕೆಗಳು ವರದಿ ಮಾಡಿದವು.

ಇಷ್ಟು ದೊಡ್ಡ ಸಂಖ್ಯೆಗಳ ಪಂದ್ಯವನ್ನು ಬಾಕ್ಸಿಂಗ್ ಪ್ರಿಯರು ಇಂದಿಗೂ ನೆನೆಯುವುದು ಮಾತ್ರ ಬಹಳ ಸಣ್ಣ ಸಂಖ್ಯೆಯೊಂದಕ್ಕಾಗಿ. ನಾಲ್ಕೋ ಐದೋ ಸೆಕೆಂಡು. ಆ ಐದು ಸೆಕೆಂಡು ಹುಟ್ಟಿದ್ದು ಕೈಯಿಂದಲ್ಲ, ಕಾಲಿನಿಂದ. ಈ ಮರುಪಂದ್ಯದ ತಂತ್ರವೆಲ್ಲ ಇದ್ದದ್ದೇ ಪಾದದಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಡೆಂಪ್ಸಿಯ ಕಾಲಿನ ಕತೆ. 1919ರ ಜುಲೈ 4ರಂದು ಟೊಲಿಡೊದಲ್ಲಿ ಪಟ್ಟ ಗೆದ್ದಾಗ ಅವನ ತೂಕ 187 ಪೌಂಡ್, ಎದುರಾಳಿ ಜೆಸ್ ವಿಲ್ಲರ್ಡ್‌ನದು 245. ಆರೂವರೆ ಅಡಿಯ ಆ ದೈತ್ಯನನ್ನು ಡೆಂಪ್ಸಿ ಮೊದಲ ಸುತ್ತಿನಲ್ಲೇ ಏಳು ಸಲ ನೆಲಕ್ಕೆ ಕೆಡವಿದ. ಕೆಡವಿದವನು ದೂರ ಸರಿಯುತ್ತಿರಲಿಲ್ಲ. ಬಿದ್ದವನ ಪಕ್ಕದಲ್ಲೇ ಕಾದು ನಿಂತು, ಅವನ ಮೊಣಕಾಲು ನೆಲ ಬಿಟ್ಟ ಕ್ಷಣವೇ ಮತ್ತೆ ಹೊಡೆಯುತ್ತಿದ್ದ. ಆಗಿನ ನಿಯಮದಲ್ಲಿ ಅದು ತಪ್ಪಲ್ಲ. 1923ರಲ್ಲಿ ಅರ್ಜೆಂಟೀನಾದ ಲೂಯಿಸ್ ಫಿರ್ಪೊ ಎದುರಲ್ಲೂ ಹೀಗೆಯೇ ಮಾಡಿದ. ಮೊದಲ ಸುತ್ತಿನಲ್ಲಿ ಫಿರ್ಪೊ ಏಳು ಸಲ ಬಿದ್ದ, ಡೆಂಪ್ಸಿಯೇ ಒಮ್ಮೆ ಹಗ್ಗ ದಾಟಿ ಅಂಕಣದ ಹೊರಗೆ ಉರುಳಿದ, ಎರಡನೇ ಸುತ್ತಿನಲ್ಲಿ ಎಲ್ಲ ಮುಗಿಯಿತು. ಒಟ್ಟು 3 ನಿಮಿಷ 57 ಸೆಕೆಂಡು.

ಟನ್ನಿಯದು ಬೇರೆಯೇ ಲೆಕ್ಕಾಚಾರ. 1921ರಲ್ಲಿ ಡೆಂಪ್ಸಿ ಫ್ರಾನ್ಸಿನ ಜಾರ್ಜ್ ಕಾರ್ಪಾಂಟಿಯೆಯನ್ನು ಸೋಲಿಸಿದ ದಿನ ಅದೇ ರಿಂಗಿನಲ್ಲಿ ಅದಕ್ಕೂ ಮುಂಚೆ ಚಿಕ್ಕ ಪಂದ್ಯವೊಂದನ್ನು ಆಡಿದ್ದ ಹುಡುಗ ಟನ್ನಿ. ಎರಡನೇ ಸುತ್ತಿನಲ್ಲಿ ಕಾರ್ಪಾಂಟಿಯೆಯ ನೇರ ಬಲಗೈ ಹೊಡೆತಕ್ಕೆ ಡೆಂಪ್ಸಿ ತತ್ತರಿಸಿದ್ದನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡ. ಮರುಪಂದ್ಯದ ಮರ್ಮವೂ ಅವನಿಗೆ ಹೊಸದಲ್ಲ. 1922ರಲ್ಲಿ ಹ್ಯಾರಿ ಗ್ರೆಬ್ ಎಂಬವನಿಂದ ಮೂಗು ಮುರಿಯುವಂತೆ ಹೊಡೆಸಿಕೊಂಡು ಸೋತ. ಅವನ ವೃತ್ತಿಜೀವನದ ಏಕೈಕ ಸೋಲು ಅದು. ಚೇತರಿಸಿಕೊಳ್ಳುತ್ತಲೇ ಗ್ರೆಬ್‌ನ ಆಟವನ್ನು ಬಿಡಿಸಿ ನೋಡಿದ. ಮುಂದೆ ಮತ್ತೆ ನಾಲ್ಕು ಸಲ ಎದುರಾದ, ಮತ್ತೆ ಸೋಲಲಿಲ್ಲ.

1926ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಮುಖಾಮುಖಿ. ಮಳೆಯಲ್ಲೇ ನಿಂತು, ಕೂತು ನೋಡಿದವರು 1,20,757 ಮಂದಿ. ಮೂರು ವರ್ಷ ಪಟ್ಟವನ್ನು ಪಣಕ್ಕಿಡದೆ ಕೂತಿದ್ದ ಡೆಂಪ್ಸಿಯ ಕಾಲು ಭಾರವಾಗಿತ್ತು. ಮೊದಲ ಸುತ್ತಿನಲ್ಲೇ ಟನ್ನಿಯ ಬಲಗೈ ನೇರ ಬಂದು ಮುಖಕ್ಕೆ ಬಿತ್ತು. ಬಳಿಕ ಹತ್ತೂ ಸುತ್ತು ಒಂದೇ ಪಾಠ: ಎಡಗೈ ಜ್ಯಾಬ್, ಒಂದು ಹೆಜ್ಜೆ ಹಿಂದೆ, ಪಕ್ಕಕ್ಕೆ ತಿರುವು, ಮತ್ತೆ ಜ್ಯಾಬ್. ಮುಖ ಊದಿಸಿಕೊಂಡು ಡೆಂಪ್ಸಿ ಪಟ್ಟ ಕಳೆದುಕೊಂಡ.

ಮರುಪಂದ್ಯಕ್ಕೆ ಮುನ್ನ ಚರ್ಚೆ ಎದ್ದದ್ದು ಈ ಕಾಲಿನ ವಿಷಯಕ್ಕೇ. ಡೆಂಪ್ಸಿಗೆ ಬೇಕಾಗಿದ್ದದ್ದು ಚಿಕ್ಕ ರಿಂಗ್. ಬಾಗಿ, ತಲೆ ತೂಗುತ್ತ, ಎದುರಾಳಿಯನ್ನು ಮೂಲೆಗೆ ಒತ್ತಿ, ಎಡಗೈಯ ಹುಕ್ ಹಾಕುವವನಿಗೆ ಜಾಗ ಕಡಿಮೆಯಿದ್ದಷ್ಟೂ ಲಾಭ. ಟನ್ನಿ ಪಾಳೆಯ 20 ಅಡಿಗೆ ಪಟ್ಟು ಹಿಡಿಯಿತು. 16 ಅಡಿಯ ಚೌಕವಾದರೆ 256 ಚದರ ಅಡಿ. 20 ಅಡಿಯದಾದರೆ 400. ಬದಿಗೆ ನಾಲ್ಕು ಅಡಿ ಸೇರಿದರೆ ಓಡಾಡುವ ನೆಲ ಅರ್ಧಕ್ಕಿಂತ ಹೆಚ್ಚು ಹಿಗ್ಗುತ್ತದೆ. ಹಿಂದೆ ಸರಿದು ಆಡುವವನ ಪಾಲಿಗೆ ಅದೇ ಜೀವ. ಟನ್ನಿ ಓಟದ ಅಭ್ಯಾಸದಲ್ಲಿ ಹಿಮ್ಮುಖವಾಗಿ ಓಡುವುದನ್ನೂ ಸೇರಿಸಿಕೊಂಡಿದ್ದ.

ಇನ್ನೊಂದು ನಿಯಮವೂ ಇತ್ತು. ಎದುರಾಳಿಯನ್ನು ಕೆಡವಿದವನು ಕೂಡಲೇ ಅತಿ ದೂರದ ನ್ಯೂಟ್ರಲ್ ಕಾರ್ನರ್‌ಗೆ, ಅಂದರೆ ಇಬ್ಬರಿಗೂ ಸೇರದ ಮೂಲೆಗೆ, ಹೋಗಬೇಕು. ಹೋಗುವವರೆಗೆ ರೆಫರಿ ಎಣಿಕೆ ಶುರು ಮಾಡಬೇಕಿಲ್ಲ. ಪಂದ್ಯಕ್ಕೆ ಮುನ್ನ ರೆಫರಿ ಡೇವ್ ಬ್ಯಾರಿ ಇಬ್ಬರಿಗೂ ಇದನ್ನು ನೆನಪಿಸಿದ್ದ. 20 ಅಡಿ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಕರ್ಣದ ಉದ್ದ 28 ಅಡಿ ಚಿಲ್ಲರೆ. ಹೆಚ್ಚೆಂದರೆ ಹತ್ತು ಹನ್ನೆರಡು ಹೆಜ್ಜೆ.

ಆರು ಸುತ್ತು ಟನ್ನಿಯೇ ಬಹುಪಾಲು ಮುಂದಿದ್ದ. ಏಳನೆಯದು ಶುರುವಾಗಿ ಒಂದು ನಿಮಿಷ ತುಂಬುವ ಮೊದಲೇ ಅವನ ಬೆನ್ನು ಹಗ್ಗಕ್ಕೆ ತಾಗಿತು. ಡೆಂಪ್ಸಿ ವರ್ಷವಿಡೀ ಕಾದಿದ್ದ ಹುಕ್ ದವಡೆಗೆ ಬಿತ್ತು. ಹಿಂದೆಯೇ ಎಡ, ಬಲ, ಎಡ. ಟನ್ನಿ ಕುಸಿಯುತ್ತಿದ್ದಂತೆಯೂ ಹೊಡೆತ ನಿಲ್ಲಲಿಲ್ಲ. ಟನ್ನಿ ನೆಲದ ಮೇಲೆ ಕೂತ. ಎಡಗೈ ಹಗ್ಗವನ್ನು ಹಿಡಿದಿತ್ತು, ಕಣ್ಣಲ್ಲಿ ಗುರುತಿಲ್ಲ. ಅದುವರೆಗೆ ಯಾರೂ ಅವನನ್ನು ನೆಲಕ್ಕೆ ಕೆಡವಿರಲಿಲ್ಲ.

ಡೆಂಪ್ಸಿ ಹೋಗಲಿಲ್ಲ. ಟನ್ನಿಯ ಹಿಂದೆಯೇ ಇದ್ದ ಹತ್ತಿರದ ಮೂಲೆಯಲ್ಲಿ, ವಿಲ್ಲರ್ಡ್‌ನ ಮೇಲೆ, ಫಿರ್ಪೊನ ಮೇಲೆ ನಿಂತಂತೆಯೇ ನಿಂತ. ಬ್ಯಾರಿ ಕೈ ತೋರಿಸಿ ಕೂಗಿದ, ತಾನೇ ಅವನನ್ನು ಆಚೆ ಮೂಲೆಯತ್ತ ಕಳುಹಿಸಿದ. ಅಂಕಣದ ಬದಿಯಲ್ಲಿ ಸಮಯ ನೋಡುತ್ತಿದ್ದ ಪಾಲ್ ಬೀಲರ್ ಅಷ್ಟರಲ್ಲಿ ಐದರವರೆಗೆ ಎಣಿಸಿಯಾಗಿತ್ತು. ಬ್ಯಾರಿ ಮರಳಿ ಬಂದು ಆರು ಎನ್ನಲಿಲ್ಲ, ಒಂದು ಎಂದ. ಒಂಬತ್ತಕ್ಕೆ ಟನ್ನಿ ಎದ್ದ. ಪಂದ್ಯದ ಚಲನಚಿತ್ರವನ್ನು ಅಳೆದವರ ಲೆಕ್ಕದಲ್ಲಿ ಅವನು ನೆಲದ ಮೇಲಿದ್ದದ್ದು 13ರಿಂದ 14 ಸೆಕೆಂಡು.

ವಾದ ಕವಲೊಡೆಯುವುದು ಇಲ್ಲಿಂದ. ಹತ್ತು ಸೆಕೆಂಡು ನೆಲದಲ್ಲಿದ್ದವನು ಸೋತಂತೆ, ಹದಿಮೂರು ಕೂತವನು ಗೆದ್ದದ್ದು ಹೇಗೆ ಎಂದು ಡೆಂಪ್ಸಿ ಪಕ್ಷ ಕೇಳುತ್ತದೆ. ಬಾಕ್ಸರ್ ನೋಡುವುದು ಗಡಿಯಾರವನ್ನಲ್ಲ, ರೆಫರಿಯ ಬೆರಳನ್ನು. ಒಂಬತ್ತರವರೆಗೆ ಕೂತಿರುವುದು ಜಾಣತನ ಎಂದು ಟನ್ನಿ ಪಕ್ಷ ಉತ್ತರಿಸುತ್ತದೆ. ಬ್ಯಾರಿಯ ‘ಎರಡು’ ತನಗೆ ಸ್ಪಷ್ಟವಾಗಿ ಕೇಳಿಸಿತ್ತು ಎಂದು ಟನ್ನಿ ಮುಂದೆ ಬರೆದ. ಆ ಮಾತನ್ನು ಒಪ್ಪಿ ಲೆಕ್ಕ ಹಾಕೋಣ: ಬ್ಯಾರಿಯ ಎರಡು ಎಂದರೆ ಬೀಲರ್‌ನ ಏಳು. ಎಚ್ಚರವಾದ ಮೇಲೂ ಅವನ ಕೈಯಲ್ಲಿ ಮೂರು ಸೆಕೆಂಡು ಇತ್ತು. ಏಳಲು ಅಷ್ಟು ಸಾಕು. ಆದರೆ ಐದು ಸೆಕೆಂಡು ಕಡಿಮೆ ಉಸಿರು ತೆಗೆದುಕೊಂಡು ಎದ್ದ ಕಾಲುಗಳು ಮುಂದಿನ ಎರಡು ನಿಮಿಷ ಡೆಂಪ್ಸಿಯಿಂದ ತಪ್ಪಿಸಿಕೊಳ್ಳುತ್ತಿದ್ದವೇ? ಕಷ್ಟದ ಪ್ರಶ್ನೆ ಇದೇ, ಮತ್ತು ಯಾವ ಚಲನಚಿತ್ರದಲ್ಲೂ ಇದಕ್ಕೆ ಉತ್ತರ ಸಿಗುವುದಿಲ್ಲ.

ನಿಜದಲ್ಲಿ ನಡೆದದ್ದು ಬೇರೆ. ಎದ್ದ ಟನ್ನಿ ಹಿಂದೆ ಹಿಂದೆ ಸರಿಯುತ್ತ 400 ಚದರ ಅಡಿಯ ಒಂದೊಂದು ಮೂಲೆಯನ್ನೂ ಬಳಸಿಕೊಂಡ. ಬೆನ್ನಟ್ಟಿದ ಡೆಂಪ್ಸಿಯ ಕಾಲು ಸೋತಿತು. ಒಂದು ಹಂತದಲ್ಲಿ ನಿಂತೇಬಿಟ್ಟು, ಬಂದು ಹೊಡೆದಾಡು ಎಂದು ಕೈ ಸನ್ನೆ ಮಾಡಿದ. 32ರ ಆ ವೀರನ ಇಡೀ ಆಟದ ಮಿತಿ ಆ ಸನ್ನೆಯಲ್ಲಿ ಕಾಣುತ್ತದೆ, ನನಗೆ ಅವನ ಮೇಲೆ ಮರುಕ ಹುಟ್ಟುವುದೂ ಅಲ್ಲೇ. ಎಂಟನೇ ಸುತ್ತಿನಲ್ಲಿ ಟನ್ನಿಯೇ ಅವನನ್ನು ಕೆಡವಿದ. ಆಗ ಮಾತ್ರ ಬ್ಯಾರಿ, ಟನ್ನಿ ಮೂಲೆಗೆ ಹೋಗುವುದನ್ನು ಕಾಯದೆ ತಕ್ಷಣ ಎಣಿಸತೊಡಗಿದ. ಡೆಂಪ್ಸಿ ಅಭಿಮಾನಿಗಳ ನಿಜವಾದ ದೂರು ಇದೇ ಆಗಬೇಕು: ಒಂದೇ ರಾತ್ರಿ, ಒಂದೇ ನಿಯಮ, ಎರಡು ಅಳತೆ.

ಹತ್ತು ಸುತ್ತು ಮುಗಿದಾಗ ತೀರ್ಪು ಸರ್ವಾನುಮತದಿಂದ ಟನ್ನಿಗೆ. ಡೆಂಪ್ಸಿ ಪಾಳೆಯ ಮೇಲ್ಮನವಿ ಹಾಕಿತು, ಅದು ತಳ್ಳಿಹೋಯಿತು. ಎರಡೂ ಪಂದ್ಯ ಕೂಡಿಸಿದರೆ 20 ಸುತ್ತು, 3,600 ಸೆಕೆಂಡು. ಅದರಲ್ಲಿ ಡೆಂಪ್ಸಿ ಪಟ್ಟದ ಹತ್ತಿರ ನಿಂತದ್ದು ಆ ಹದಿನಾಲ್ಕು ಸೆಕೆಂಡು ಮಾತ್ರ.

ಮರುಪಂದ್ಯವೆಂದರೆ ಯಾವಾಗಲೂ ಹೀಗೆ ಬಿಡಿಸಲಾರದ ಗಂಟಾಗಬೇಕಿಲ್ಲ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್, ಜ್ಯಾಬ್ ಹೊಡೆದ ಮೇಲೆ ಜೋ ಲೂಯಿಸ್‌ನ ಎಡಗೈ ಕೆಳಗಿಳಿಯುತ್ತದೆ ಎಂಬುದನ್ನು ಕಂಡುಹಿಡಿದು, ಅದೇ ಸಂದಿಯಲ್ಲಿ ಬಲಗೈ ತೂರಿಸಿ ಹನ್ನೆರಡನೇ ಸುತ್ತಿನಲ್ಲಿ ನಾಕ್‌ಔಟ್ ಮಾಡಿದ. 1938ರ ಜೂನ್ 22ರಂದು ಯಾಂಕಿ ಸ್ಟೇಡಿಯಂನಲ್ಲಿ 70,000 ಜನರ ಮುಂದೆ ಲೂಯಿಸ್ ಉತ್ತರ ಕೊಟ್ಟ. ತೆಗೆದುಕೊಂಡದ್ದು 124 ಸೆಕೆಂಡು. ಆ ಪಂದ್ಯದ ಬಗ್ಗೆ ಇತಿಹಾಸ ಬರೆಯುವವರಿದ್ದಾರೆ, ವಾದಿಸುವವರಿಲ್ಲ.

ಶಿಕಾಗೋದ ವಾದ ಬದುಕಿದ್ದು ಅಲ್ಲಿ ಉತ್ತರ ಸಿಗದ್ದರಿಂದ. ಅದರ ಬೆಲೆ ಎಷ್ಟೆಂದು ರಿಕಾರ್ಡ್‌ಗೆ ಮರುವರ್ಷವೇ ತಿಳಿಯಿತು. ಡೆಂಪ್ಸಿ ಮೂರನೇ ಪಂದ್ಯಕ್ಕೆ ಬರಲಿಲ್ಲ. ಟಾಮ್ ಹೀನಿ ಎಂಬವನ ಎದುರು ಟನ್ನಿ ಸುಲಭವಾಗಿ ಗೆದ್ದ, ರಿಕಾರ್ಡ್‌ಗೆ ಲಕ್ಷಾಂತರ ಡಾಲರ್ ನಷ್ಟವಾಯಿತು, ಟನ್ನಿ ಪಟ್ಟದೊಂದಿಗೇ ನಿವೃತ್ತನಾದ. ಚಾಂಪಿಯನ್ ಅದೇ, ಕೌಶಲ ಅದೇ. ಜನರನ್ನು ಎಳೆದು ತರುವ ಪ್ರಶ್ನೆ ಮಾತ್ರ ಇರಲಿಲ್ಲ. ಡೆಂಪ್ಸಿ, ಟನ್ನಿ ಮುಂದೆ ಗೆಳೆಯರಾದರು. ಅವರಿಬ್ಬರು ಮುಗಿಸಿದ ಜಗಳವನ್ನು ಅಭಿಮಾನಿಗಳು ಇನ್ನೂ ಮುಗಿಸಿಲ್ಲ.

ನನ್ನನ್ನು ಕೇಳಿದರೆ ಡೆಂಪ್ಸಿಗೆ ಮೋಸವಾಗಲಿಲ್ಲ. ಅವನ ಹೊಡೆತ ಹತ್ತು ಸೆಕೆಂಡಿಗೆ ಸಾಕಾಗುವಷ್ಟು ಗಟ್ಟಿಯಾಗಿತ್ತೋ ಇಲ್ಲವೋ ತಿಳಿಯುವ ಅವಕಾಶವನ್ನು ಅವನೇ ಕಳೆದ. ಬಿದ್ದವನ ಮೇಲೆ ನಿಲ್ಲುವ ಅಭ್ಯಾಸ 1919ರಲ್ಲಿ ಅವನಿಗೆ ಪಟ್ಟ ತಂದುಕೊಟ್ಟಿತು. ನಿಯಮ ಬದಲಾದ ಮೇಲೂ ಕಾಲು ಅದನ್ನು ಮರೆಯಲಿಲ್ಲ. ಟನ್ನಿಯಾದರೋ ಹೊಸ ನೆಲಕ್ಕೆ ತಕ್ಕಂತೆ ಕಾಲನ್ನು ಪಳಗಿಸಿದ. ಮರುಪಂದ್ಯದಲ್ಲಿ ಗೆಲ್ಲುವವನು ಸಾಮಾನ್ಯವಾಗಿ ಹೆಚ್ಚು ಬಲಶಾಲಿಯಲ್ಲ, ಹಳೆಯ ಅಭ್ಯಾಸವನ್ನು ಮೊದಲು ಬಿಟ್ಟವನು. ಮುಂದಿನ ಹೆವಿವೇಟ್ ಮರುಪಂದ್ಯ ನೋಡುವಾಗ ಕೈಗವಸಿನ ಮೇಲಿಂದ ಕಣ್ಣು ಕೆಳಗಿಳಿಸಿ, ಎರಡು ಜೊತೆ ಬೂಟುಗಳನ್ನು ಎರಡು ಸುತ್ತು ಗಮನಿಸಿ. ಯಾರು ಪಾಠ ಕಲಿತು ಬಂದಿದ್ದಾರೆ ಎಂಬುದು ಮೊದಲು ತಿಳಿಯುವುದು ಅಲ್ಲಿ.