ಮೇಲೆ ಡಾಂಬರು, ಕೆಳಗೆ ಎರೆಮಣ್ಣು!

ನವಲಗುಂದ, ನರಗುಂದ, ರೋಣದ ಎರೆನಾಡಿನಲ್ಲಿ ರಸ್ತೆ ಬಿರುಕು ಬಿಟ್ಟಾಗಲೆಲ್ಲ ಬೈಗುಳ ಡಾಂಬರಿಗೇ! ಆದರೆ ರೋಗವಿರೋದು ಬುಡದಲ್ಲಿ. ಎರೆಮಣ್ಣು ಮಳೆ ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಜೊತೆಗೆ ರಸ್ತೆಯ ಅಂಚೂ ಉದ್ದಕ್ಕೆ ಸೀಳುತ್ತದೆ. ಆ ಸೀಳಿನಲ್ಲಿ ನೀರಿಳಿದರೆ ಮುಗೀತು, ಬಸ್ಸಿನ ಗಾಲಿ ಹೋದಲ್ಲೆಲ್ಲ ತಗ್ಗು.

ಮಣ್ಣಿನ ತಾಕತ್ತು ಅಳೆಯಲು ಎಂಜಿನಿಯರರು ಅದನ್ನು 4 ದಿನ ನೀರಲ್ಲಿ ನೆನೆಸಿ, ಉಕ್ಕಿನ ಗೂಟ ಒತ್ತಿ ನೋಡುತ್ತಾರೆ. ಒಳ್ಳೆ ಜಲ್ಲಿಗೆ 100 ಅಂಕವಾದರೆ, ನೆನೆದ ಎರೆಮಣ್ಣಿಗೆ ಸಾಮಾನ್ಯವಾಗಿ 2–3!

ಉಪಾಯ ಇಲ್ಲದಿಲ್ಲ. ಮಣ್ಣಿಗೆ ನೂರಕ್ಕೆ 3ರಿಂದ 5 ಪಾಲು ಸುಣ್ಣ ಬೆರೆಸಿ, ಮೇಲೆ ದಪ್ಪಗೆ ಗರಸು ಹಾಸಿ ರೋಲರ್ ಹೊಡೆಯಬೇಕು. ಖರ್ಚು ಹೆಚ್ಚು, ನಿಜ. ಉದ್ಘಾಟನೆಯ ಫೋಟೋದಲ್ಲಿ ಸುಣ್ಣ ಕಾಣೋದೂ ಇಲ್ಲವಲ್ಲ! ಇನ್ನು ಗಟಾರ: ಅದನ್ನು ಮುಚ್ಚಿ ಅಂಗಡಿಗೆ ಮೆಟ್ಟಿಲು ಕಟ್ಟಿಕೊಂಡರೆ, ಆ ನೀರೂ ರಸ್ತೆಯ ಬುಡಕ್ಕೇ ಇಳಿಯುತ್ತದೆ.