ಹುಳುಕಡ್ಡಿಯೂ ಅದರ ಮುಲಾಮೂ

ಹೆಸರು ಹುಳುಕಡ್ಡಿಯೆಂದಿದ್ದರೂ ಈ ಚರ್ಮವ್ಯಾಧಿಗೆ ಹುಳು ಕಾರಣವಲ್ಲ. ಉಪ್ಪಿನಕಾಯಿಯ ಮೇಲೆ ಕಟ್ಟುವ ಬೂಷ್ಟಿನ ಬಳಗಕ್ಕೆ ಸೇರಿದ ಶಿಲೀಂಧ್ರವೇ ಕಾರಣ. ತೇವ, ಬೆವರು, ಬಿಗಿಯುಡುಪು ಅದಕ್ಕೆ ಅನುಕೂಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿನಲ್ಲಿ ನಾಟಿಯ ಕಾಲಕ್ಕೆ ದಿನವಿಡೀ ಕೆಸರಿನಲ್ಲಿ ನಿಲ್ಲುವವರ ಕಾಲ್ಬೆರಳ ಸಂದುಗಳು ಒಣಗುವುದಾದರೂ ಯಾವಾಗ? ವಿದ್ಯಾರ್ಥಿನಿಲಯದಲ್ಲಿ ಒಂದೇ ಟವಲನ್ನು ನಾಲ್ವರು ಬಳಸುವ ಸ್ನೇಹವೂ ರೋಗವನ್ನು ಹಂಚುತ್ತದೆ.

ಕಡಿತ ತಾಳಲಾರದೆ ನಾವು ಔಷಧದಂಗಡಿಗೆ ಹೋಗಿ "ತುರಿಕೆಗೊಂದು ಟ್ಯೂಬು ಕೊಡಿ" ಎನ್ನುತ್ತೇವೆ. ಅಪಾಯವಿರುವುದು ಇಲ್ಲಿಯೇ. ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕವೊಂದೇ ಇರುವ ಮುಲಾಮು ಬೇರೆ. ಅದರೊಡನೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಮುಂತಾದ ಸ್ಟೆರಾಯ್ಡ್ ಬೆರೆಸಿದ್ದು ಬೇರೆ. ಎರಡನೆಯದನ್ನು ಹಚ್ಚಿದರೆ ಕೆಲವೇ ದಿನಗಳಲ್ಲಿ ಕೆಂಪು ಇಳಿದು ಕಡಿತ ನಿಲ್ಲುತ್ತದೆ. ಆದರೆ ಸ್ಟೆರಾಯ್ಡು ಚರ್ಮದ ರೋಗನಿರೋಧಶಕ್ತಿಯನ್ನೇ ಕುಗ್ಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಹಚ್ಚುವುದನ್ನು ಬಿಟ್ಟೊಡನೆ ಕಲೆ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಉಂಗುರದ ಆಕಾರ ಕೆಟ್ಟು ವೈದ್ಯರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ. ತೊಡೆಸಂದಿನ ಚರ್ಮ ತೆಳುವಾಗಿ ಅಳಿಸಲಾಗದ ಗೆರೆಗಳು ಬೀಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮಿಸಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆಯೋ! ಆದ್ದರಿಂದ ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ನಾವೇ ಓದಿಕೊಳ್ಳಬೇಕು.

ಹಚ್ಚುವ ಜಾಗವನ್ನು ತೊಳೆದು, ಚೆನ್ನಾಗಿ ಒರೆಸಿ, ಸಾಮಾನ್ಯವಾಗಿ ದಿನಕ್ಕೆರಡು ಸಲ, ಕಲೆಯ ಅಂಚಿನಿಂದ ಬೆರಳಗಲ ಆಚೆಗೂ ತೆಳ್ಳಗೆ ಸವರಬೇಕು. ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು. ಉರಿಯೆದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ತಲೆಯ ಸೋಂಕಿಗೆ ಮುಲಾಮು ಸಾಲದು, ನುಂಗುವ ಔಷಧ ಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ಕಡಿತವಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು.